ಎರಡೂ ಎಡಗೈ ತೋಳು

ನಾನು ಒಂದು ಕತ್ತರಿ. ಶಾಲೆಯ ಮಕ್ಕಳು ಬಣ್ಣದ ಕಾಗದ ಕತ್ತರಿಸುವ ಪ್ಲಾಸ್ಟಿಕ್ ಹಿಡಿಯ ಪುಟಾಣಿಗಳ ಸಾಲಿಗೆ ನನ್ನನ್ನು ಸೇರಿಸಬೇಡಿ, ಸಿಟ್ಟು ಬರುತ್ತದೆ. ನಾನು ಟೇಲರ್ ಕತ್ತರಿ, ಎತ್ತಿದರೆ ಕೈ ಜಗ್ಗುವಷ್ಟು ಭಾರ. ಬೀದರಿನ ಕಮ್ಮಾರನೊಬ್ಬ ಹಳೇ ಲಾರಿಯ ಸ್ಪ್ರಿಂಗಿನ ಉಕ್ಕಿನ ಪಾಟಾ ಬಡಿದು ನನ್ನನ್ನು ಮಾಡಿದ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ನಾನು ಎಂಥಾ ಗಡಸಾದೆನೆಂದರೆ, ಇನ್ನು ಕಲ್ಲನ್ನೇ ಸೀಳುತ್ತೇನೆ ಅಂದುಕೊಂಡೆ. ಆತ ಮಾತ್ರ ನನ್ನನ್ನು ಮತ್ತೆ ಕೆಂಡದ ಬದಿಗಿಟ್ಟು ಮೆಲ್ಲಗೆ ಕಾಯಿಸಿದ. "ಹೀಂಗೇ ಬಿಟ್ರ ಕೆಳಗ ಬಿದ್ದ ಕೂಡ್ಲೆ ಮುರೀತದ" ಎಂದ. ಆಗ ನನಗೆ ಭಾರೀ ಅವಮಾನವಾಗಿತ್ತು.

ನನ್ನನ್ನು ಕೊಂಡವರು ಧೂಳಪ್ಪ ಟೇಲರ್. ಅವರ ಅಂಗಡಿ ಬುದ್ಧವಿಹಾರದ ಎದುರಿಗೇ ಇತ್ತು. ಅಲ್ಲಿ ಕತ್ತರಿ ಹಿಡಿದವರೇ ಮಾಸ್ಟರ್, ಉಳಿದವರು ಹೊಲಿಯುವವರು. ಮಗಳು ಸುಮೇಧಾ ಹೊಲಿಯುತ್ತಿದ್ದಳು. ಇನ್ನೊಂದು ಕಟ್ಟಳೆಯೂ ಇತ್ತು. ನನ್ನನ್ನು ಕೈಯಿಂದ ಕೈಗೆ ಕೊಡುವಂತಿಲ್ಲ, ಕೊಟ್ಟರೆ ಜಗಳವಾಗುತ್ತದಂತೆ. ಮೇಜಿನ ಮೇಲಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ವಿಹಾರದಲ್ಲಿ ಕುಳಿತು ಮೂಢನಂಬಿಕೆಗಳನ್ನು ಜಾಡಿಸುತ್ತಿದ್ದ ಧೂಳಪ್ಪನವರೂ ಅಂಗಡಿಗೆ ಬಂದರೆ ಇದನ್ನು ಮೀರುತ್ತಿರಲಿಲ್ಲ. ನನಗೆ ಒಳಗೊಳಗೇ ನಗು.

ವರ್ಷಕ್ಕೊಂದು ದಿನ ನನಗೆ ಹಬ್ಬ. ಭಿಕ್ಖುಗಳು ಒಂದೇ ಕಡೆ ತಂಗುವ ಮಳೆಗಾಲದ ವರ್ಷಾವಾಸ ಮುಗಿದ ಮೇಲೆ ಅವರಿಗೆ ಹೊದೆಯುವ ವಸ್ತ್ರ, ಅಂದರೆ ಚೀವರ, ಕೊಡುವ ದಿನ ಅದು. ಬಟ್ಟೆಯನ್ನು ಇಡಿಯಾಗಿ ಕೊಟ್ಟರೆ ಚೀವರವಾಗುವುದಿಲ್ಲ. ತುಂಡು ಮಾಡಿ, ಗದ್ದೆಯ ಮಡಿಗಳಂತೆ ಮತ್ತೆ ಕೂಡಿಸಿ ಹೊಲಿಯಬೇಕು. ಕತ್ತರಿಸುವುದು, ಹೊಲಿಯುವುದು, ಬಣ್ಣಕ್ಕೆ ಅದ್ದುವುದು ಎಲ್ಲವೂ ಒಂದೇ ದಿನ ಮುಗಿಯಬೇಕು. ಓಣಿಗೆ ಓಣಿಯೇ ನೆರೆಯುತ್ತಿತ್ತು. ಮೊದಲ ಕತ್ತರಿ ಹಾಕುವ ಮಾನ ಧೂಳಪ್ಪನವರದು, ಅಂದರೆ ನನ್ನದು.

ಬರಬರುತ್ತ ಅವರ ಕಣ್ಣು ಮಂಜಾಯಿತು. ಇದು ಇನ್ನು ಸುಧಾರಿಸುವುದಿಲ್ಲ ಎಂದರು ಡಾಕ್ಟರು. ಧೂಳಪ್ಪನವರು ಕೇಳಬೇಕಲ್ಲ. ಒಂದು ದಿನ ಮದುಮಗಳ ಕುಪ್ಪಸಕ್ಕೆ ತೋಳು ಕತ್ತರಿಸಿದರು, ಎರಡೂ ಎಡಗೈಯವು. ಸುಮೇಧಾ ತುಟಿ ಬಿಚ್ಚಲಿಲ್ಲ. ಅಪ್ಪ ಮಧ್ಯಾಹ್ನ ಮಲಗಿದಾಗ ಅದೇ ಬಣ್ಣದ ಬಟ್ಟೆ ತಂದು ಹೊಸ ತೋಳು ಕತ್ತರಿಸಿದಳು. ಅಂಥದ್ದು ಮತ್ತೂ ನಡೆಯಿತು. ಈ ಕಳ್ಳಾಟಕ್ಕೆ ನನ್ನನ್ನು ಬಳಸಿದಳಲ್ಲ ಎಂದು ನನ್ನ ಮೈ ಉರಿಯುತ್ತಿತ್ತು. ಕೊನೆಗೊಮ್ಮೆ ಗಿರಾಕಿಗಳ ಎದುರಿಗೇ ಆಕೆಯ ಸಹನೆ ಕಟ್ಟೆಯೊಡೆಯಿತು. "ಕಣ್ಣು ಕಾಣ್ಸಂಗಿಲ್ಲ, ಕತ್ತರಿ ಯಾಕ ಹಿಡೀತಿ?" ಎಂದು ಕೂಗಿದಳು. ಅವತ್ತು ಅಪ್ಪ ಊಟ ಮಾಡಲಿಲ್ಲ. ಮಗಳು ಅತ್ತು, ಮತ್ತೆ ಮೊದಲಿನಂತೆ ಬಾಯಿ ಹೊಲಿದುಕೊಂಡಳು.

ಚೀವರದ ದಿನ ಹತ್ತಿರ ಬಂತು. ಓಣಿಯವರೆಲ್ಲ ಸೇರಿ ತಂದಿದ್ದು ಒಂದೇ ಥಾನು ಬಟ್ಟೆ. ಅದು ಕೆಟ್ಟರೆ ಆ ವರ್ಷದ ದಾನವೇ ಇಲ್ಲ, ಅಪ್ಪನ ಮರ್ಯಾದೆಯೂ ಊರೆದುರಿಗೆ ಮಣ್ಣುಪಾಲು. ನನ್ನನ್ನು ಸಾಣೆಗೆ ಒಯ್ದಿದ್ದ ಸುಮೇಧಾ ಬರುವಾಗ ವಿಹಾರದ ಹಿರಿಯ ಭಿಕ್ಖು ಭಂತೇಜಿಯ ಮುಂದೆ ಕುಳಿತಳು. ನಾನು ಚೀಲದಲ್ಲಿದ್ದೆ.

"ಸುಮ್ಕಿದ್ರ ಒಳಗೊಳಗೇ ಕುದೀತೀನಿ, ಬಾಯಿ ಬಿಟ್ರ ಬೆಂಕಿ ಬರ್ತದ. ನಡುವಿಂದು ನನಗ ಬರಂಗಿಲ್ಲ ಭಂತೇಜಿ."

"ಅಪ್ಪಗ ಮುಚ್ಚಿಡೋದು ಮೈತ್ರಿ ಅಲ್ಲವ್ವಾ, ಪ್ರೀತಿ ಅಲ್ಲ, ಅಂಜಿಕಿ. ಬೈಯೋದೂ ಅಂಜಿಕೀನೇ" ಎಂದರು ಅವರು. "ದಿನಾ ಮುಂಜಾನಿ ಬಂದು ಕುಂದ್ರು. ಉಸಿರು ನೋಡು. ಅಪ್ಪ ಸುಖವಾಗಿರ್ಲಿ ಅನ್ನು. ಆಮೇಲ ಅವಗ ಹೇಳಬೇಕಾದ ಮಾತು ಮನಸ್ಸಿನಾಗ ಹೇಳು. ಸಿಟ್ಟು ಬಂತಂದ್ರ ಮತ್ತ ಉಸಿರಿಗೆ ಬಾ. ಸಿಟ್ಟು ಹೋಗ್ಲಿ, ಮಾತು ಉಳೀಲಿ."

ಆಕೆ ದಿನವೂ ಹೋಗಿ ಕುಳಿತಳು. ಮೊದಮೊದಲು ಕೆಂಪು ಮುಖ ಮಾಡಿಕೊಂಡೇ ಅಂಗಡಿಗೆ ಬರುತ್ತಿದ್ದಳು. ಇದೇನು ಆಗಹೋಗುವ ಮಾತಲ್ಲ ಅಂದುಕೊಂಡೆ ನಾನು.

ಚೀವರದ ದಿನ ವಿಹಾರದ ಅಂಗಳದಲ್ಲಿ ಬಿಳಿ ಬಟ್ಟೆ ಹಾಸಿದರು. ಧೂಳಪ್ಪನವರು ನನ್ನನ್ನು ಎತ್ತಿ ಬಾಯಿ ತೆರೆದರು. ಸುಮೇಧಾ ಅವರ ಕೈಯ ಮೇಲೆ ಕೈಯಿಟ್ಟಳು.

"ಅಪ್ಪಾ, ಇನ್ಮ್ಯಾಲ ಕತ್ತರಿ ನಾ ಹಿಡೀತೀನಿ. ನಿನಗ ಕಣ್ಣು ಕಾಣ್ಸಂಗಿಲ್ಲ. ಇಷ್ಟು ದಿನ ಮುಚ್ಚಿಟ್ಟಿದ್ದೆ, ಇನ್ನ ಮುಚ್ಚಿಡಂಗಿಲ್ಲ."

ಧೂಳಪ್ಪನವರ ಬೆರಳು ನನ್ನನ್ನು ಬಿಗಿಹಿಡಿದವು. "ಚೀವರಕ್ಕ ತೋಳೇ ಇಲ್ಲ. ಎರಡು ಎಡಗೈ ಹ್ಯಾಂಗ ಆಗ್ತಾವ?"

ಮುಚ್ಚಿಟ್ಟ ತೋಳಿನ ಗುಟ್ಟು ಅವರಿಗೂ ಗೊತ್ತಿತ್ತು, ಓಣಿಗೂ ಗೊತ್ತಿತ್ತು. ಎಲ್ಲರೂ ಗೊಳ್ಳೆಂದು ನಕ್ಕರು. ಸುಮೇಧಾಳೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆದರೆ ಕೈ ತೆಗೆಯಲಿಲ್ಲ. ಎರಡೂ ಕೈಗಳ ನಡುವೆ ಇದ್ದವನು ನಾನು, ನನಗೆ ಗೊತ್ತು. ಆಕೆ ಎಳೆಯಲಿಲ್ಲ, ಬಿಡಲೂ ಇಲ್ಲ. ಆ ಕೈಯಲ್ಲಿ ಸಿಟ್ಟು ಎಳ್ಳಷ್ಟೂ ಇರಲಿಲ್ಲ. ಮುದುಕನ ಬೆರಳು ನಿಧಾನಕ್ಕೆ ಸಡಿಲಾದವು.

ಅವರು ನನ್ನನ್ನು ಕೆಳಗಿಡಲಿಲ್ಲ. ಅಲಗನ್ನು ತಮ್ಮ ಅಂಗೈಗೆ ಹಾಕಿಕೊಂಡು ಹಿಡಿಯನ್ನು ಮಗಳ ಕಡೆ ತಿರುಗಿಸಿದರು.

"ಕೆಳಗ ಇಡು ಅಪ್ಪಾ, ಜಗಳ ಆಗ್ತದ."

"ಆಗಿ ಮುಗೀತಲ್ಲ, ಇನ್ನೇನ್ ಆಗ್ತದ. ಹಿಡಿ."

ಅವತ್ತು ನಾನು ಹೇಗೆ ಓಡಿದೆ ಅಂತೀರಿ. ಬಟ್ಟೆಯ ಇನ್ನೊಂದು ತುದಿಯನ್ನು ಧೂಳಪ್ಪನವರೇ ಎಳೆದು ಹಿಡಿದಿದ್ದರು. ಸಂಜೆಗೆ ಕಾವಿ ಬಣ್ಣದ ಚೀವರ ಹಗ್ಗದ ಮೇಲೆ ಹಾರಾಡುತ್ತಿತ್ತು. ಮಾಸ್ಟರು ಓಣಿಯ ಹೆಂಗಸರಿಗೆಲ್ಲ ತಮ್ಮ ಎರಡು ಎಡಗೈ ತೋಳಿನ ಕತೆ ತಾವೇ ಹೇಳಿ ನಗಿಸುತ್ತಿದ್ದರು. ಆಮೇಲೆ ಬದುಕಿರುವವರೆಗೂ ನನ್ನನ್ನು ಸಾಣೆ ಹಿಡಿದವರು ಅವರೇ. ಹೆಬ್ಬೆರಳಿನಲ್ಲಿ ಅಲಗು ಸವರಿ, "ಇನ್ನೂ ಕಚ್ತದ" ಎಂದು ಖುಷಿಪಡುತ್ತಿದ್ದರು.

ಈಗ ನಾನು ಸವೆದು ತೆಳ್ಳಗಾಗಿದ್ದೇನೆ. ದಪ್ಪ ಬಟ್ಟೆಗೆ ಮಷೀನು ಬಂದಿದೆ, ನಾನು ಹೆಚ್ಚಿನ ಹೊತ್ತು ಮೊಳೆಗೆ ತೂಗಾಡುತ್ತೇನೆ. ಸುಮೇಧಾಳ ತಲೆ ನರೆತು, ಅಪ್ಪನಂತೆ ಕಣ್ಣೂ ಮಂಜಾಗುತ್ತಿದೆ. ಮೊನ್ನೆ ಒಂದು ಕುಪ್ಪಸ ಕತ್ತರಿಸಿದಳು. ಅವಳ ಮಗಳು ವಿಶಾಖಾ ತುಂಡುಗಳನ್ನು ನೋಡಿ, ಮೆಲ್ಲಗೆ ಒಂದು ತೋಳನ್ನು ಬೆನ್ನ ಹಿಂದೆ ಸರಿಸಿದಳು.

"ತೋರ್ಸು" ಎಂದಳು ಸುಮೇಧಾ. ಬೆರಳಲ್ಲಿ ಸವರಿ ನೋಡಿದಳು. ಎರಡೂ ಎಡಗೈ ತೋಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಒಂದು ಗಳಿಗೆ ಕಣ್ಣು ಮುಚ್ಚಿ ಉಸಿರು ನೋಡುತ್ತ ಕುಳಿತಳು. ಆಮೇಲೆ ನನ್ನ ಅಲಗನ್ನು ಅಂಗೈಯಲ್ಲಿ ಹಿಡಿದು, ಹಿಡಿಯನ್ನು ಮಗಳ ಕಡೆ ತಿರುಗಿಸಿದಳು.

ಆ ಅಂಗೈಗೆ ಒಂದು ಗೀರೂ ಆಗಲಿಲ್ಲ. ಹಾಗಂತ ನಾನು ಮೊಂಡಾಗಿದ್ದೇನೆ ಅಂದುಕೊಳ್ಳಬೇಡಿ. ಬೇಕಾದರೆ ಒಂದು ಬಟ್ಟೆ ತಂದು ನೋಡಿ.