ಸುನ್ನಿವಾಳ ಬ್ಲಾಗು, ಅಜ್ಜನ ಗುಟ್ಟಿನ ಜಾಗ

ಸುನ್ನಿವಾಳ ಬಾಯಿ ಸುಮ್ಮನಿರುವುದೇ ಇಲ್ಲ. ಶಾಲೆಯಿಂದ ಬಂದವಳು ಬೂಟು ಬಿಚ್ಚುವಷ್ಟರಲ್ಲಿ ಬಂದರಿನ ಸುದ್ದಿಯನ್ನೆಲ್ಲ ಒಪ್ಪಿಸಿರುತ್ತಾಳೆ. ಆದರೆ ಪ್ರಬಂಧ ಬರೆ ಎಂದರೆ ಮೂರೇ ಸಾಲು. ‘ಚಳಿ ಇತ್ತು. ಮೀನು ಸಿಕ್ಕಿತು. ಮನೆಗೆ ಬಂದೆವು.’

“ಇಷ್ಟೇನಾ ಪುಟ್ಟಿ?” ಮೀನು ತೊಳೆಯುತ್ತಿದ್ದ ಅಮ್ಮ ತೋರಿಲ್ ಕೇಳಿದಳು.

“ಇನ್ನೇನು ಬರೀಲಮ್ಮಾ? ಓದೋದು ಟೀಚರ್ ಒಬ್ರೇ. ಅದೂ ಕೆಂಪು ಗೆರೆ ಎಳೆಯೋಕೆ.”

ತೋರಿಲ್ ಮತ್ತೆ ಮೀನಿನ ಕಡೆ ತಿರುಗಿದಳು. ತಾನೂ ಆ ವಯಸ್ಸಿನಲ್ಲಿ ಹಾಗೇ ಬರೆದವಳಲ್ಲವೇ?

ದೂರದ ಉತ್ತರದ ಚಳಿಸೀಮೆಯ ಲೊಫೋಟೆನ್ ದ್ವೀಪಗಳ ಆ ಊರಿನ ಶಾಲೆಯಲ್ಲಿ ಮಕ್ಕಳು ಬೆರಳೆಣಿಕೆಯಷ್ಟು. ಆ ಚಳಿಗಾಲದಲ್ಲಿ ಯೊರುನ್ ಟೀಚರ್ ತರಗತಿಗೊಂದು ಬ್ಲಾಗು ಶುರುಮಾಡುತ್ತಾರೆಂಬ ಸುದ್ದಿ ಬಂತು. ತೋರಿಲ್ ಎದೆಯಲ್ಲಿ ಅಳುಕು ಹುಟ್ಟಿತು. ಮುಖ ಗುರುತಿಲ್ಲದವರೆಲ್ಲ ನಮ್ಮ ಮಗು ಬರೆದದ್ದನ್ನು ಓದುತ್ತಾರೆಯೇ? ತೋರಿಲ್‌ಳ ಅಪ್ಪ, ಅಂದರೆ ಸುನ್ನಿವಾಳ ಅಜ್ಜ ಓಡ್ಮುಂಡ್ ಅಂತೂ ಸಾರಿಬಿಟ್ಟ: “ಮನೆ ಮಾತನ್ನ ಬಂದರಲ್ಲಿ ನಿಂತು ಕೂಗೋದಕ್ಕೆ ಶಾಲೆ ಬೇರೆ ಬೇಕಾ?”

ಟೀಚರ್ ತಾವೇ ಮನೆಗೆ ಬಂದರು. ತೋರಿಲ್ ವಾಫಲ್ ಎಂಬ ಸಿಹಿದೋಸೆ ಹುಯ್ದು ಕಾಫಿ ಇಟ್ಟಳು.

“ಹೆದರೋದು ಸರಿಯೇ ತೋರಿಲ್,” ಎಂದರು ಯೊರುನ್. “ನಮ್ಮ ಶಾಲೇಲಿ ಗೋಡೆಪತ್ರಿಕೆ ಇಲ್ವಾ, ಅದನ್ನೇ ಇಂಟರ್‌ನೆಟ್ಟಲ್ಲಿ ಅಂಟಿಸ್ತೀವಿ, ಅಷ್ಟೇ. ಮಗುವಿನ ಪೂರ್ತಿ ಹೆಸರಿರಲ್ಲ, ಮುಖದ ಫೋಟೋ ಇರಲ್ಲ, ವಿಳಾಸ ಇರಲ್ಲ. ನಾನು ಓದದೆ ಒಂದಕ್ಷರ ಹೊರಗೆ ಹೋಗಲ್ಲ. ಓದಿದವರು ಬರೆಯೋ ಮಾತೂ ಮೊದಲು ನನ್ನ ಹತ್ರಾನೇ ಬರುತ್ತೆ. ಬೇಡ ಅನ್ನಿಸಿದ್ರೆ ಹೇಳಿ, ಆಗಲೇ ತೆಗೀತೀನಿ.”

“ಅದರಿಂದ ಮಕ್ಕಳಿಗೇನು?”

“ನನಗೋಸ್ಕರ ಬರೆದ್ರೆ ಮೂರು ಸಾಲು. ಎಲ್ಲೋ ಇನ್ನೊಂದು ಮಗು ಕಾಯ್ಕೊಂಡು ಓದುತ್ತೆ ಅಂದ್ರೆ, ನೀವೇ ನೋಡಿ.”

“ಆ ಮಗುಗೆ ಬೇರೆ ಕೆಲಸ ಇಲ್ವೇನೋ,” ಎಂದು ಓಡ್ಮುಂಡ್ ಮತ್ತೊಂದು ವಾಫಲ್‌ಗೆ ಜಾಮ್ ಬಳಿದ. ತೋರಿಲ್ ಮಾತ್ರ ಒಪ್ಪಿಕೊಂಡಳು.

ಸುನ್ನಿವಾಳ ಸರದಿ ಬಂದ ವಾರ ಮನೆಯಲ್ಲಿ ಅಚ್ಚರಿಯೇ ಅಚ್ಚರಿ. ಹುಡುಗಿ ಊಟ ಆರುವ ತನಕ ಬರೆದಳು. ಅಜ್ಜನ ಜೊತೆ ದೋಣಿಯಲ್ಲಿ ಹೋದ ಕಥೆಯಂತೆ. ಎರಡು ದಿನ ಬಿಟ್ಟು ಯೊರುನ್ ಲ್ಯಾಪ್‌ಟಾಪ್ ಹಿಡಿದು ಬಂದಾಗ, ಮನೆಯವರು ಬೇಯಿಸಿದ ಕಾಡ್ ಮೀನು, ಅದರ ಲಿವರ್, ಮೊಟ್ಟೆ ಬಡಿಸಿಕೊಂಡು ಕೂತಿದ್ದರು.

“ಇನ್ನೂ ಹಾಕಿಲ್ಲ. ಮೊದಲು ಅಜ್ಜ ಕೇಳಲಿ ಅಂತ ತಂದೆ.”

ಸುನ್ನಿವಾ ಓದಿದಳು. ಮಂಜು ಕಟ್ಟಿದ ಹಗ್ಗ, ಕೆಮ್ಮುವ ಎಂಜಿನ್ನು, ಮೀನು ಕಚ್ಚದಿದ್ದರೆ ಅಜ್ಜ ಸಮುದ್ರಕ್ಕೇ ಬಯ್ಯುವುದು. ಓಡ್ಮುಂಡ್ ಗಡ್ಡದೊಳಗೇ ನಗುತ್ತಿದ್ದ. ಆಮೇಲೆ ಈ ಸಾಲು ಬಂತು:

‘ದೋಣಿಯಿಂದ ದಡ ನೋಡಿದರೆ ಚರ್ಚಿನ ಗೋಪುರ ಬೆಟ್ಟದ ಸೀಳಿನಲ್ಲಿ ಬಂದು ಕೂರಬೇಕು. ಎಡಗಡೆ ಕೆಂಪು ದೋಣಿಶೆಡ್ಡು ಬಂಡೆಯ ಹಿಂದೆ ಮರೆಯಾಗಬೇಕು. ಅಲ್ಲಿ ದೋಣಿ ನಿಲ್ಲಿಸಿದರೆ ಕೆಳಗೆ ಮೀನೇ ಮೀನು.’

ಓಡ್ಮುಂಡ್ ಕೈಯ ಫೋರ್ಕ್ ತಟ್ಟೆಗೆ ಬಿತ್ತು.

“ಅಯ್ಯೋ ನಿನ್ನ! ಅದು ನಮ್ಮಪ್ಪ ನನಗೆ ತೋರಿಸಿದ ಜಾಗ! ನಿನ್ನ ಅಪ್ಪನಿಗೂ ನಾನು ಹೇಳಿಲ್ಲ! ಇದು ಹೊರಗೆ ಹೋದ್ರೆ ಬೆಳಗಾಗೋದ್ರಲ್ಲಿ ಪಕ್ಕದ ಮನೆ ಹಾಲ್‌ವರ್ ಅಲ್ಲಿ ಲಂಗರು ಹಾಕಿ ಕೂತಿರ್ತಾನೆ. ತೋರಿಲ್, ಈ ಬ್ಲಾಗು ಗೀಗು ಬೇಡ ಅಂತ ನಾನು ಬಡ್ಕೊಳ್ಳಲಿಲ್ವಾ?”

ಸುನ್ನಿವಾ ಲ್ಯಾಪ್‌ಟಾಪ್ ಮುಚ್ಚಿದಳು. ಕಣ್ಣು ತುಂಬಿತ್ತು. “ನಾನಿನ್ನು ಬರೆಯೋದೇ ಇಲ್ಲ.”

ತೋರಿಲ್ ತನ್ನ ತಟ್ಟೆ ಪಕ್ಕಕ್ಕೆ ಸರಿಸಿದಳು. ಈ ಹೊತ್ತು ಹೀಗೇ ಮುಗಿದರೆ ಮಗಳು ಮತ್ತೆ ಮೂರು ಸಾಲಿಗೇ ಹೋಗಿ ನಿಲ್ಲುತ್ತಾಳೆ, ಬಹುಶಃ ಜನ್ಮಪೂರ್ತಿ.

“ಹೊರಗೆ ಹೋಗಿಲ್ಲ ಅಜ್ಜ, ಅದಕ್ಕೇ ತಾನೇ ಬಂದಿದ್ದು,” ಎಂದು ಯೊರುನ್ ಹುಡುಗಿಯ ಪಕ್ಕ ಕೂತರು. “ಚೆನ್ನಾಗಿ ಬರೆದಿದ್ದೀಯ ಮರಿ. ಆದ್ರೆ ಹೊರಗೆ ಹಾಕೋಕೆ ಮುಂಚೆ, ಯಾರ್ಯಾರು ಓದ್ತಾರೆ, ಯಾರ ಮಾತು ಇದು ಅಂತ ಯೋಚಿಸ್ಬೇಕು. ಅದೂ ಪಾಠಾನೇ.”

ತೋರಿಲ್ ಮೆಲ್ಲಗೆ ಕೇಳಿದಳು: “ಅಪ್ಪಾ, ಇವಳನ್ನ ಆ ಜಾಗಕ್ಕೆ ಎಷ್ಟು ಸಲ ಕರ್ಕೊಂಡು ಹೋಗಿದ್ದೆ?”

“ಒಂದೇ ಸಲ.”

“ನನ್ನನ್ನ ಒಂದು ಬೇಸಿಗೆ ಪೂರ್ತಿ ಕರ್ಕೊಂಡು ಹೋಗಿದ್ದೆ. ಆ ದೋಣಿಶೆಡ್ಡು ಎಡಕ್ಕೋ ಬಲಕ್ಕೋ ನನಗೆ ಇವತ್ತಿನವರೆಗೂ ಗೊತ್ತಿರ್ಲಿಲ್ಲ.”

ಓಡ್ಮುಂಡ್ ಮೊಮ್ಮಗಳನ್ನು ಹೊಸದಾಗಿ ಕಂಡವನಂತೆ ನೋಡಿದ. “ಅಷ್ಟು ಸರಿಯಾಗಿ ಹೇಗೆ ನೆನಪಿಟ್ಕೊಂಡೆ ಕಳ್ಳಿ?”

“ಬರೀತಾ ಬರೀತಾ ಎಲ್ಲ ಕಣ್ಣ ಮುಂದೆ ಬಂತಜ್ಜ.”

ಮುದುಕ ಕುರ್ಚಿ ಹತ್ತಿರ ಎಳೆದುಕೊಂಡ. “ಎಲ್ಲಿ, ತೆಗಿ ಆ ಪೆಟ್ಟಿಗೇನ. ಗೋಪುರ ಅಳಿಸು. ಬೆಟ್ಟದ ಸೀಳೂ ಬೇಡ, ಶೆಡ್ಡೂ ಬೇಡ. ಅವು ನಮ್ಮಿಬ್ಬರ ಹತ್ರ ಇರ್ಲಿ. ಸಮುದ್ರಕ್ಕೆ ಬಯ್ಯೋದು ಇರ್ಲಿ ಬಿಡು, ಹಾಲ್‌ವರ್‌ಗೂ ಗೊತ್ತಿರೋದೇ.”

ಹೀಗೆ ತಿದ್ದಿದ ಕಥೆ ಬ್ಲಾಗಿಗೆ ಹೋಯಿತು. ಮುಂದಿನ ವಾರ ಸುನ್ನಿವಾ ಬೂಟು ಬಿಚ್ಚದೆಯೇ ಒಳಗೆ ಓಡಿಬಂದಳು. ಸಮುದ್ರವನ್ನೇ ಕಾಣದ ಒಳನಾಡಿನ ಶಾಲೆಯ ಹುಡುಗಿಯೊಬ್ಬಳು ಬ್ಲಾಗಿನಲ್ಲಿ ಕೇಳಿದ್ದಳು: ‘ನೀರಿನ ಮೇಲೆ ದಾರಿ ಇರುವುದಿಲ್ಲ. ನಿನ್ನ ಅಜ್ಜ ಅದೇ ಜಾಗಕ್ಕೆ ಮತ್ತೆ ಹೇಗೆ ಹೋಗುತ್ತಾರೆ?’

ಅಜ್ಜ, ಮೊಮ್ಮಗಳು ಅಡುಗೆಮನೆಯ ಮೇಜು ಹಿಡಿದು ಕೂತರು. ತೋರಿಲ್ ಪಾತ್ರೆ ತೊಳೆದು, ಬಟ್ಟೆ ಒಣಹಾಕಿ ಬಂದರೂ ಉತ್ತರ ಮುಗಿದಿರಲಿಲ್ಲ.

“ಎರಡು ಬೆಟ್ಟದ ಚಿತ್ರ ಬರಿ, ಒಂದರ ಹಿಂದೊಂದು ನೆಟ್ಟಗೆ ಕಂಡ್ರೆ ಅದೇ ನೀರಿನ ಮೇಲಿನ ಗುರುತು,” ಓಡ್ಮುಂಡ್ ಹೇಳಿಕೊಡುತ್ತಿದ್ದ. “ಇಲ್ಲಿಯವಲ್ಲ ಮಾರಾಯ್ತಿ! ಎಲ್ಲೂ ಇಲ್ಲದ ಬೆಟ್ಟ ಬರಿ!”

ಈಗ ಸಂಜೆಯಾದರೆ ಅವನದೇ ಮೊದಲ ಪ್ರಶ್ನೆ: “ಆ ಒಳನಾಡಿನ ಹುಡುಗಿ ಇನ್ನೇನಾದ್ರೂ ಕೇಳಿದ್ಳಾ?”

ಅಮ್ಮಂದಿರೇ, ಅಪ್ಪಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಮಗುವಿನ ಶಾಲೆಯಲ್ಲಿ ತರಗತಿಯ ಬ್ಲಾಗು ಶುರುವಾಗುತ್ತಿದ್ದರೆ ಹೆದರಿ ದೂರ ನಿಲ್ಲಬೇಡಿ. ಹೆಸರು, ಮುಖ, ವಿಳಾಸ ಹೇಗೆ ಕಾಪಾಡುತ್ತೀರಿ, ಮಗು ಬರೆದದ್ದನ್ನು ಮೊದಲು ಯಾರು ನೋಡುತ್ತಾರೆ ಎಂದು ಶಿಕ್ಷಕರನ್ನು ಕೇಳಿ. ಉತ್ತರ ಸರಿಯೆನಿಸಿದರೆ ಒಪ್ಪಿಗೆ ಕೊಡಿ. ಯಾವುದು ಊರಿಗೆ ಹೇಳುವ ಮಾತು, ಯಾವುದು ಮನೆಯಲ್ಲೇ ಉಳಿಯುವ ಮಾತು ಎಂದು ಮಗುವಿನ ಜೊತೆ ಕೂತು ಮಾತಾಡಿ. ವಾರಕ್ಕೊಮ್ಮೆ ಒಲೆಯ ಮೇಲೆ ಸಾರು ಕುದಿಯುವಷ್ಟು ಹೊತ್ತು ನೀವೂ ಓದಿ, ಎರಡು ಒಳ್ಳೆಯ ಮಾತು ಬರೆಯಿರಿ. ತನ್ನನ್ನು ಓದುವವರಿದ್ದಾರೆ ಎಂದು ಗೊತ್ತಾದ ದಿನ, ಮಗು ನಾಲ್ಕನೆಯ ಸಾಲನ್ನು ತಾನಾಗಿ ಬರೆಯುತ್ತದೆ.