ಚುಕ್ಕಿ ಇಳಿಸುವ ತಾರೀಖು

ಧಾರವಾಡದಲ್ಲಿ ತಮ್ಮನ್ನು ಅರಿಯದವರು ಯಾರೂ ಇಲ್ಲ ಎಂದು ರಮಾಕಾಂತರಾಯರು ನಂಬಿದ್ದರು. ವಿದ್ಯಾಖಾತೆಯ ಕಚೇರಿಯಲ್ಲಿ ಹೆಡ್‌ಕ್ಲಾರ್ಕ್ ಅವರು. ಶಾಲಾ ಮಾಸ್ತರರ ವರ್ಗಾವಣೆಯ ಕಾಗದಗಳು ಅವರ ಮೇಜನ್ನು ದಾಟಿಯೇ ಮೇಲೆ ಹೋಗಬೇಕು. ಸಂಜೆ ಮನೆಗೆ ನಡೆದು ಬರುವಾಗ ದಾರಿಯಲ್ಲಿ ನಾಲ್ಕು ಮಂದಿ ಮಾಸ್ತರರು ಕೈಮುಗಿದರೆ ಯಾರಿಗಾದರೂ ಇಂಥ ನಂಬಿಕೆ ಹುಟ್ಟುವುದು ಸಹಜ. ಅವರು ಕೈಮುಗಿಯುತ್ತಿದ್ದುದು ವರ್ಗಾವಣೆಗೆ, ತಮಗಲ್ಲ ಎಂಬುದು ರಾಯರಿಗೂ ಒಳಗೊಳಗೇ ಗೊತ್ತಿತ್ತು. ಆದರೆ ಗೊತ್ತಿದ್ದದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಂಡು ಕೂತರೆ ಹೆಡ್‌ಕ್ಲಾರ್ಕ್ ಆಗಿ ಬಾಳುವುದು ಕಷ್ಟ.

ಆ ವರ್ಷದ ಮಳೆಗಾಲದಲ್ಲಿ ಅವರು ಬಾಡಿಗೆಗೆ ಹಿಡಿದ ಮನೆ ಹುಬ್ಬಳ್ಳಿ ರಸ್ತೆಗೆ ಹತ್ತಿದ ಒಂದು ಓಣಿಯಲ್ಲಿತ್ತು. ಅಲ್ಲಿಯ ಓಣಿಗಳೆಲ್ಲ ಒಂದೇ ತರಹ, ಮನೆಗಳೆಲ್ಲ ಒಂದೇ ಅಚ್ಚು: ಕೆಂಪು ಹಂಚು, ಸುಣ್ಣದ ಗೋಡೆ, ಮುಂದೊಂದು ಕಟ್ಟೆ. ಹೊಸದಾಗಿ ಬಂದ ಮೊದಲ ವಾರ ರಾಯರೇ ಒಮ್ಮೆ ತಪ್ಪಿ ಬೇರೆಯವರ ಮನೆ ಹೊಕ್ಕು, ಕೋಟು ಬಿಚ್ಚಿ, ಚಹಾ ಕೇಳಿದ್ದರು. ಆ ಮನೆಯವರು ಪುಣ್ಯವಂತರು, ಚಹಾ ಕೊಟ್ಟೇ ಕಳಿಸಿದರು.

ಮನೆಯ ಎಡಭಾಗದಲ್ಲಿ ರಾಯರು, ಅವರ ಹೆಂಡತಿ ತುಂಗಾಬಾಯಿ, ಹೆಣ್ಣುಮಕ್ಕಳಾದ ಇಂದು ಮತ್ತು ಸುಲಭಾ. ಬಲಭಾಗದಲ್ಲಿ ಮನೆಯೊಡತಿ ಕರುಣಾಬಾಯಿ. ಎರಡಕ್ಕೂ ಸೇರಿ ಒಂದೇ ಪಡಸಾಲೆ. ಕರುಣಾಬಾಯಿ ಮಿಶನ್ ಶಾಲೆಯಲ್ಲಿ ತಲೆಗೂದಲು ಬೆಳ್ಳಗಾಗುವವರೆಗೆ ಕಲಿಸಿ ನಿವೃತ್ತರಾದವರು; ಓಣಿಗೆ ಓಣಿಯೇ ಅವರನ್ನು ಅಕ್ಕೋರು ಎನ್ನುತ್ತಿತ್ತು. ಅವರ ತಂದೆ ಅಮ್ಮಿನಬಾವಿಯ ಕಡೆ ಚರ್ಚಿನ ಉಪದೇಶಿಯಾಗಿದ್ದವರಂತೆ. ಒಬ್ಬರೇ ಇದ್ದರೂ ಕ್ರಿಸ್‌ಮಸ್ ಹಬ್ಬದ ಪದ್ಧತಿಯಲ್ಲಿ ಮಾತ್ರ ಒಂದು ಎಳೆಯೂ ಸಡಿಲು ಬಿಟ್ಟವರಲ್ಲ.

ಡಿಸೆಂಬರ್ ತಿಂಗಳ ಮೊದಲ ರವಿವಾರ ರಾಯರು ಸಂಜೆ ವಾಯುವಿಹಾರ ಮುಗಿಸಿ ಬಂದು ನೋಡುತ್ತಾರೆ, ಪಡಸಾಲೆಯ ತುಂಬ ಬಣ್ಣದ ಕಾಗದದ ಮಾಲೆ! ಮೇಲೆ, ಛಾವಣಿಗಿಂತ ಎತ್ತರಕ್ಕೆ ನಿಂತ ಬಿದಿರ ಗಳದ ತುದಿಗೆ ಒಂದು ಚುಕ್ಕಿ. ಚುಕ್ಕಿ ಎಂದರೆ ಸಣ್ಣದಲ್ಲ, ಎತ್ತಿನಗಾಡಿಯ ಗಾಲಿಯಷ್ಟಿತ್ತು. ಬಿದಿರಿನ ದಬ್ಬೆಗೆ ಕೆಂಪು ಬಿಳಿ ಕಾಗದ ಅಂಟಿಸಿ, ಒಳಗೆ ಬಲ್ಬು ಕೂಡಿಸಿದ್ದರು. ದೊಡ್ಡ ರಸ್ತೆಯಿಂದಲೇ ಕಾಣುವಂತೆ ಅದು ಝಗಝಗ ಉರಿಯುತ್ತಿತ್ತು.

ರಾಯರಿಗೆ ಹೆದರಿಕೆ ಹತ್ತಿತು. ಕಾರಣ ಹಿರಿಯ ಮಗಳು ಇಂದು. ಅವಳನ್ನು ನೋಡಲು ಆಗಲೇ ಎರಡು ಕಡೆಯವರು ಬಂದು, ಅವಲಕ್ಕಿ ತಿಂದು, ‘ಕಾಗದ ಬರೀತೇವಿ’ ಎಂದು ಹೋದವರು ಬರೆದಿರಲಿಲ್ಲ. ಈಗ ಗದಗಿನ ಸಂಬಂಧವೊಂದು ಬಂದಿತ್ತು. ಹುಡುಗ ಕಾಲೇಜಿನಲ್ಲಿ ಗಣಿತ ಕಲಿಸುತ್ತಾನೆ. ಅವನ ತಂದೆ ತಾಯಿ ಬಹಳ ಆಚಾರವಂತರಂತೆ. ಹುಡುಗನ ಫೋಟೋ ಮನೆಗೆ ಬಂದ ಮರುದಿನದಿಂದ ಗೋಡೆಯ ಗೂಡಿನಲ್ಲಿ ಕಾಣಿಸಿರಲಿಲ್ಲ. ಅದು ಇಂದುವಿನ ಪುಸ್ತಕದೊಳಗೆ ಸೇರಿದ್ದನ್ನು ರಾಯರು ಕಂಡೂ ಕಾಣದವರಂತಿದ್ದರು. ಇಂಥ ಹೊತ್ತಿನಲ್ಲಿ ಬಾಗಿಲ ಮೇಲೆಯೇ ಕ್ರಿಸ್ತರ ಚುಕ್ಕಿ! ಆಚಾರವಂತರು ನೋಡಿ ಏನಂದುಕೊಂಡಾರು?

"ಅಕ್ಕೋರ, ಈ ಚುಕ್ಕಿ ಎಷ್ಟು ದಿವಸ ಇರ್ತದ್ರಿ?" ಎಂದು ಮರುದಿನ ಮೆಲ್ಲಗೆ ಕೇಳಿದರು.

"ಜನವರಿ ಆರಕ್ಕ ಇಳಸತೇನ್ರಿ. ಅದಕಿಂತ ಒಂದಿನ ಮೊದಲಿಲ್ಲ, ಒಂದಿನ ಆಮ್ಯಾಲಿಲ್ಲ. ನಮ್ಮಪ್ಪನ ಕಾಲದಿಂದ ನಡಕೊಂಡ ಬಂದದ್ದು."

"ಹಬ್ಬ ಇಪ್ಪತ್ತೈದಕ್ಕ ಮುಗೀತದಲ್ರಿ?"

"ಹಬ್ಬ ಮುಗದ್ರ ಏನಾತ್ರಿ? ಮೂಡಣ ದೇಶದ ಜೋಯಿಸರು ಚುಕ್ಕಿ ನೋಡಕೋತ ನೋಡಕೋತ ಬಂದ್ರು. ಅವರು ಕೂಸು ಕ್ರಿಸ್ತನ ಮನಿ ಮುಟ್ಟಿದ್ದು ಆರನೇ ತಾರೀಖಿಗೆ. ಬರೂ ಮಂದಿ ಇನ್ನೂ ಹಾದ್ಯಾಗ ಇದ್ದಾಗ ನಾವು ದೀಪಾ ಆರಿಸಿ ಕುಂತ್ರ ಹೆಂಗ್ರಿ?"

ರಾಯರು ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಒಳಿತಿತ್ತು. ಮುಚ್ಚಲಿಲ್ಲ. "ಅಲ್ಲರಿ, ಮುಂದಿನ ಬದಲಿ ಹಿತ್ತಲದಾಗ ಹಾಕಿದ್ರ ನಡೀತದೇನು? ಅಲ್ಲಿ ಗಾಳಿ ಕಡಿಮಿ, ಕಾಗದ ಹರಿಯೂದಿಲ್ಲ," ಎಂದರು. ಗಾಳಿಯ ಮಾತನ್ನು ಹಿಂದಿನ ದಿನವೇ ಯೋಚಿಸಿ ಇಟ್ಟುಕೊಂಡಿದ್ದರು. ಬಹಳ ಜಾಣತನದ ಮಾತೆಂದು ಅವರಿಗೆ ಅನ್ನಿಸಿತ್ತು.

ಕರುಣಾಬಾಯಿ ಕನ್ನಡಕದ ಮೇಲಿನಿಂದ ಅವರನ್ನು ನೋಡಿದರು. ತಪ್ಪು ಲೆಕ್ಕ ಮಾಡಿದ ಹುಡುಗನನ್ನು ನೋಡುವ ನೋಟ ಅದು. "ಹಿತ್ತಲದಾಗ ಯಾರ ಬರ್ತಾರ್ರಿ ರಾಯರ? ಬೆಕ್ಕು ಬರತೈತಿ," ಎಂದಷ್ಟೇ ಹೇಳಿ ಒಳಗೆ ಹೋದರು. ರಾಯರು ಒಬ್ಬರೇ ನಿಂತು ಗಟ್ಟಿಯಾಗಿ ನಕ್ಕರು. ನಗುವಂಥದ್ದು ಏನಿದೆ ಎಂದು ತುಂಗಾಬಾಯಿ ಅಡುಗೆಮನೆಯಿಂದ ಕೇಳಿದಾಗ ಅವಸರದಿಂದ ಕೋಟು ಹಾಕಿಕೊಂಡು ಕಚೇರಿಗೆ ಹೊರಟರು.

ಸಂಬಂಧ ತಂದ ವೆಂಕಣ್ಣ ಕೆಲವು ದಿನ ಬಿಟ್ಟು ಬಂದ. ಊರಿನ ಅರ್ಧ ಮದುವೆಗಳಿಗೆ ಓಡಾಡಿದ ಮುದುಕ ಅವನು. ಧನುರ್ಮಾಸದಲ್ಲಿ ಮದುವೆಯ ಮಾತು ಆಡಬಾರದು, ಗದಗಿನವರು ಸಂಕ್ರಾಂತಿ ಆದ ಮೇಲೆಯೇ ಕನ್ಯಾ ನೋಡಲು ಬರುತ್ತಾರೆ ಎಂದು ತಿಳಿಸಿದ. ರಾಯರ ಎದೆಯ ಮೇಲಿನ ಕಲ್ಲು ಇಳಿಯಿತು. ಆರನೆಯ ತಾರೀಖು ಮೊದಲು, ಸಂಕ್ರಾಂತಿ ಆಮೇಲೆ!

"ಅವರಿಗೆ ಮನಿ ಹೆಂಗ ಗೊತ್ತಾಗಬೇಕ್ರಿ?" ಎಂದು ವೆಂಕಣ್ಣ ಕೇಳಿದ.

"ನನ್ನ ಹೆಸರು ಹೇಳ್ರಿ ಅನ್ರಿ. ಸ್ಟೇಶನ್ನಿನಾಗ ಯಾರನ್ನ ಕೇಳಿದ್ರೂ ತೋರಸ್ತಾರ."

ವೆಂಕಣ್ಣ ಒಮ್ಮೆ ರಾಯರನ್ನು ನೋಡಿದ, ಒಮ್ಮೆ ಮೇಲೆ ನೋಡಿದ. "ಆತಾತು, ನಾ ಹೇಳ್ತೇನಿ," ಎಂದು ಕೊಡೆ ಎತ್ತಿಕೊಂಡು ಹೊರಟ.

ಜನವರಿ ಆರು ಬಂತು. ಅಂದು ಕಚೇರಿಯಿಂದ ಬಂದವರೇ ರಾಯರು ಚಹಾ ಕೂಡ ಕುಡಿಯದೆ ಏಣಿ ಹಚ್ಚಿದರು. ಮಾಲೆಗಳನ್ನು ಬಿಚ್ಚಿದರು, ಚುಕ್ಕಿ ಇಳಿಸಿದರು, ಹಳೆಯ ಪೇಪರಿನಲ್ಲಿ ಸುತ್ತಿ, ಕಚೇರಿಯ ಫೈಲಿಗೆ ಕಟ್ಟುವ ಹಾಗೆ ದಾರದಿಂದ ಗಂಟಿನ ಮೇಲೆ ಗಂಟು ಹಾಕಿ ಅಟ್ಟಕ್ಕೇರಿಸಿದರು.

"ಸಾವಕಾಶ್ರಿ ರಾಯರ, ಕಾಗದ ಅದು," ಎಂದು ಕರುಣಾಬಾಯಿ ಕೆಳಗಿನಿಂದ ಹೇಳುತ್ತಲೇ ಇದ್ದರು. ನೆರೆಹೊರೆಗೆ ನೆರವಾಗುವುದೆಂದರೆ ಇದೇ ಅಲ್ಲವೇ ಎಂದು ರಾಯರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು. ಆ ರಾತ್ರಿ ಗಳದ ಬೋಳು ತುದಿಯನ್ನು ನೋಡಿ ಸುಖವಾಗಿ ನಿದ್ದೆ ಮಾಡಿದರು.

ಗದಗಿನವರು ಬರುವ ದಿನ ಬಂತು. ಮನೆಯಲ್ಲಿ ಶಿರಾ, ಅವಲಕ್ಕಿ, ಸಂಕ್ರಾಂತಿಯ ಕುಸರೆಳ್ಳು ಎಲ್ಲ ಸಿದ್ಧ. ಇಂದು ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ರಾಯರು ಮಡಿ ಧೋತರ ಉಟ್ಟು, ಕರಿ ಕೋಟು ತೊಟ್ಟು, ಮದುವೆ ಮುಂಜಿಗೆ ಮಾತ್ರ ಹೊರಬೀಳುವ ರುಮಾಲು ಸುತ್ತಿ ಕಟ್ಟೆಯ ಮೇಲೆ ನಿಂತರು. ಸಂಜೆಯ ಗಾಡಿ ಕೂಗಿದ್ದು ಕೇಳಿಸಿತು. ಹೊತ್ತು ಮುಳುಗಿತು. ದೀಪ ಹಚ್ಚಿದ್ದೂ ಆಯಿತು. ಯಾರೂ ಬರಲಿಲ್ಲ.

ಬಂದವನು ವೆಂಕಣ್ಣ ಒಬ್ಬನೇ, ತನ್ನ ಮನೆಯಿಂದ ನೇರವಾಗಿ ಬಂದಿದ್ದ. ಬಾಗಿಲಲ್ಲಿಯೇ ನಿಂತು ಮೇಲೆ ನೋಡಿ ಬಾಯಿ ತೆರೆದ.

"ಚುಕ್ಕಿ ಎಲ್ಲಿ ಹೋತ್ರಿ?"

"ಇಳಿಸಿದ್ವಿ. ಯಾಕ?"

"ಅಯ್ಯ ದೇವರ! ದೊಡ್ಡ ರಸ್ತಾದಾಗಿಂದ ಮ್ಯಾಲ ಚುಕ್ಕಿ ಕಾಣಸ್ತದ, ಅದನ್ನ ನೋಡಕೋತ ಟಾಂಗಾ ಹೊಡಸ್ರಿ ಅಂತ ಹೇಳೇನಲ್ರಿ ನಾ!"

"ನನ್ನ ಹೆಸರು ಹೇಳ್ರಿ ಅಂದಿದ್ದೆ..."

"ಹೆಸರು ಯಾರಿಗೆ ಗೊತ್ತಾಗಬೇಕ್ರಿ?" ವೆಂಕಣ್ಣನಿಗೆ ಸಿಟ್ಟೇ ಬಂದಿತ್ತು. "ಮೊದಲ ಸಲಾ ಬಂದಾಗ ಈ ಓಣಿ ತುಂಬ ನಿಮ್ಮ ಹೆಸರು ಕೇಳಕೋತ ತಿರಗೇನಿ. ಕಡೀಕೆ ‘ಅಕ್ಕೋರ ಮನ್ಯಾಗ ಬಾಡಿಗಿ ಇದ್ದವರು’ ಅಂದಮ್ಯಾಲ ಒಬ್ಬ ಕೈ ಮಾಡಿ ತೋರಿಸಿದ. ಗದಗಿನವರಿಗೆ ನಾಳೆ ಹುಬ್ಬಳ್ಯಾಗ ಇನ್ನೊಂದು ಕನ್ಯಾ ನೋಡೂದದ. ಇಲ್ಲೆ ಹಾದಿ ಸಿಗಲಿಲ್ಲಂದ್ರ ಮುಂದಿನ ಗಾಡಿಗೆ ಸೀದಾ ಅಲ್ಲಿಗೇ ಹೋಗ್ತಾರ, ನೋಡ್ರಿ!"

ಅಷ್ಟರಲ್ಲಿ ಹಿಂದಿನ ಓಣಿಯಲ್ಲಿ ಟಾಂಗಾದ ಗೆಜ್ಜೆ ಕೇಳಿಸಿತು. ರಾಯರು ಧೋತರ ಎತ್ತಿ ಹಿಡಿದು ಓಡಿದರು. ಅವರು ಮುಟ್ಟುವಷ್ಟರಲ್ಲಿ ಟಾಂಗಾ ಮತ್ತೊಂದು ಓಣಿಗೆ ಹೊರಳಿತ್ತು. ಅಲ್ಲಿಗೆ ಓಡಿದರೆ ಗೆಜ್ಜೆಯ ಸದ್ದು ಇನ್ನೆಲ್ಲೋ. ಸುಲಭಾಳನ್ನು ಓಣಿಯ ಒಂದು ತುದಿಗೆ, ವೆಂಕಣ್ಣನನ್ನು ಇನ್ನೊಂದು ತುದಿಗೆ ನಿಲ್ಲಿಸಿ, ಏದುಸಿರು ಬಿಡುತ್ತ ಮನೆಗೆ ಬಂದರೆ ಇಂದು ಬಾಗಿಲಲ್ಲಿ ನಿಂತಿದ್ದಳು.

"ಅಪ್ಪಾ, ಇರಲಿ ಬಿಡ್ರಿ. ಕೂಡ್ರಿ, ನೀರ ಕುಡೀರಿ," ಎಂದಳು.

ಅವಳು ಅತ್ತಿದ್ದರೆ ರಾಯರು ಬೈದು ಸಮಾಧಾನ ಮಾಡುತ್ತಿದ್ದರು. ಅವಳು ನೀರು ತಂದುಕೊಟ್ಟಳು. ಆ ತಂಬಿಗೆ ಹಿಡಿದುಕೊಂಡು ರಾಯರಿಗೆ ತಮ್ಮ ಮೇಲೆ ಎಂದೂ ಬಾರದಷ್ಟು ಸಿಟ್ಟು ಬಂತು. ಮಗಳನ್ನು ನೋಡಲು ಬರುವವರಿಗಾಗಿ ಮೇಲೆ ದೀಪ ಉರಿಯುತ್ತಿದ್ದರೆ ಅದನ್ನು ಚಹಾ ಕುಡಿಯುವಷ್ಟು ತಾಳ್ಮೆಯೂ ಇಲ್ಲದೆ ಇಳಿಸಿದ ಮಹಾನುಭಾವ ತಾನು! ಧಾರವಾಡವೆಲ್ಲ ಬಲ್ಲ ರಮಾಕಾಂತರಾಯ!

ಕರುಣಾಬಾಯಿಯವರ ಬಾಗಿಲು ತೆರೆದೇ ಇತ್ತು. ಅವರು ಮೊರದಲ್ಲಿ ಅಕ್ಕಿ ಹಾಕಿಕೊಂಡು ಹರಳು ಆರಿಸುತ್ತಿದ್ದರು.

"ಅಕ್ಕೋರ," ಎಂದರು ರಾಯರು. "ಆ ಚುಕ್ಕಿ... ಇವತ್ತೊಂದಿನ ಮತ್ತ ಹಾಕಬಹುದೇನ್ರಿ?"

"ಆರನೇ ತಾರೀಖು ಆಗಿ ಹೋತಲ್ರಿ ರಾಯರ."

ರಾಯರು ನಿಂತಲ್ಲಿಯೇ ಎಲ್ಲ ಹೇಳಿದರು. ಟಾಂಗಾ, ವೆಂಕಣ್ಣ, ಹುಬ್ಬಳ್ಳಿಯ ಕನ್ಯಾ, ಯಾವುದನ್ನೂ ಬಿಡಲಿಲ್ಲ. "ಅದನ್ನ ಹಿತ್ತಲದಾಗ ಹಾಕ್ರಿ ಅಂದಾಂವ ನಾನ. ನಿಮಗ ಕೇಳಲಿಕ್ಕೆ ನನಗ ಮಾರಿ ಇಲ್ಲ. ಆದ್ರೂ ಕೇಳ್ತೇನಿ," ಎಂದರು.

ಕರುಣಾಬಾಯಿ ಮೊರವನ್ನು ಬದಿಗೆ ಸರಿಸಿದರು. ಮೊಣಕಾಲಿಗೆ ಕೈಯೂರಿ ಎದ್ದು ಸೆರಗು ಸಿಕ್ಕಿಸಿಕೊಂಡರು.

"ಏಣಿ ಹಚ್ರಿ," ಎಂದರು. "ಬರೂ ಮಂದಿ ಇನ್ನೂ ಹಾದ್ಯಾಗ ಅದಾರಲ್ಲ."

ಅಟ್ಟದಿಂದ ಚುಕ್ಕಿ ಇಳಿಯಿತು. ತಾವೇ ಹಾಕಿದ ಗಂಟುಗಳನ್ನು ರಾಯರು ಹಲ್ಲಿನಿಂದ ಬಿಚ್ಚಿದರು. ಸರಕಾರದ ಫೈಲುಗಳು ಯಾಕೆ ಬೇಗ ತೆರೆಯುವುದಿಲ್ಲ ಎಂಬುದು ಅವರಿಗೆ ಅಂದು ಅರ್ಥವಾಯಿತು. ಏಣಿಯೇರಿ ಗಳಕ್ಕೆ ಕೈ ಚಾಚಿದಾಗ ರುಮಾಲು ಜಾರಿ ಹಂಚಿನ ಮೇಲೆ ಬಿತ್ತು. ಧೋತರದ ಚುಂಗು ಮೊಳೆಗೆ ಸಿಕ್ಕಿ ಪರ್ರೆಂದು ಹರಿಯಿತು. ಕೆಳಗೆ ಏಣಿ ಹಿಡಿದ ತುಂಗಾಬಾಯಿ ‘ಬೀಳ್ತೀರಿ, ಬೀಳ್ತೀರಿ’ ಎಂದು ಧೈರ್ಯ ಹೇಳುತ್ತಿದ್ದರು. ಎದುರುಮನೆಯವರು ಹೊರಗೆ ಬಂದು, "ಅಕ್ಕೋರ, ಈ ಸಲ ಸಂಕ್ರಾಂತಿಗೂ ಚುಕ್ಕಿ ಏನ್ರಿ?" ಎಂದು ಕೇಳಿದರು.

"ಹೌದ್ರಿ, ಈ ಸಲ ಜೋಯಿಸರಿಗೆ ಗಾಡಿ ತಡ ಆಗೇತಿ," ಎಂದು ಕರುಣಾಬಾಯಿ ಒಳಗೆ ಹೋಗಿ ಬಟನ್ ಒತ್ತಿದರು.

ಚುಕ್ಕಿ ಹೊತ್ತಿಕೊಂಡಿತು. ದೊಡ್ಡ ರಸ್ತೆಯ ಕಡೆಯಿಂದ ಯಾರೋ "ಅಲ್ನೋಡ್ರಿ, ಅಲ್ನೋಡ್ರಿ!" ಎಂದು ಕೂಗಿದ್ದು ಕೇಳಿಸಿತು. ಗೆಜ್ಜೆಯ ಸದ್ದು ಹತ್ತಿರ ಹತ್ತಿರ ಬಂದು ಮನೆಯ ಮುಂದೆಯೇ ನಿಂತಿತು. ಟಾಂಗಾದಿಂದ ಮೊದಲು ಇಳಿದವರು ದಪ್ಪ ಮೀಸೆಯ ಹಿರಿಯರೊಬ್ಬರು, ಹುಡುಗನ ತಂದೆ. ದಾರಿ ತಪ್ಪಿ ಊರ ಹೊರಗಿನ ಸತ್ತೂರತನಕ ಹೋಗಿ ತಿರುಗಿ ಬಂದ ದಣಿವು ಅವರ ಮುಖದ ಮೇಲೆಲ್ಲ ಇತ್ತು.

"ಏ ತಮ್ಮಾ, ಮ್ಯಾಲಿದ್ದಾಂವ! ರಮಾಕಾಂತರಾಯರ ಮನಿ ಇದ ಏನಪಾ?"

ರಾಯರು ಏಣಿಯ ಮೇಲಿದ್ದರು. ತಲೆ ಬೋಳು, ಧೋತರ ಹರಿದಿದೆ, ಕೈಯಲ್ಲಿ ವಾಯರು. ಇಷ್ಟು ದಿನ ಈ ಘಳಿಗೆಗೆಂದು ಕೂಡಿಸಿಟ್ಟ ಗತ್ತಿನಲ್ಲಿ ಒಂದು ಚೂರೂ ಉಳಿದಿರಲಿಲ್ಲ. ಹುಡುಕುವಷ್ಟು ಪುರಸೊತ್ತೂ ಇರಲಿಲ್ಲ.

"ಅಲ್ಲರಿ, ಇದು ಅಕ್ಕೋರ ಮನಿ," ಎಂದರು ಮೇಲಿನಿಂದಲೇ. "ರಮಾಕಾಂತ ಇಲ್ಲೆ ಬಾಡಿಗಿ ಇದ್ದಾನ. ನಾನ ಅಂವ."

ಟಾಂಗಾದೊಳಗಿನಿಂದ ಮೊದಲು ನಕ್ಕವನು ಹುಡುಗ. ಆಮೇಲೆ ಅವನ ತಂದೆ, ಆಮೇಲೆ ಟಾಂಗಾದವನು. ಕೊನೆಗೆ ಕಿಟಕಿಯ ಹಿಂದಿನಿಂದ ಇಂದು ನಕ್ಕಿದ್ದು ರಾಯರಿಗೆ ಏಣಿಯ ಮೇಲೆಯೇ ಕೇಳಿಸಿತು. ತಮ್ಮನ್ನು ನೋಡಿ ಯಾರಾದರೂ ನಕ್ಕರೆ ಇಷ್ಟು ಹಾಯೆನಿಸುತ್ತದೆ ಎಂದು ಅವರಿಗೆ ಅಲ್ಲಿಯತನಕ ಗೊತ್ತಿರಲಿಲ್ಲ.

ಹುಡುಗನ ಆಚಾರವಂತ ತಾಯಿ ಚುಕ್ಕಿಯನ್ನು ನೋಡಿ, "ದೀಪಾವಳಿಗೆ ನಮ್ಮ ಮನ್ಯಾಗೂ ಇಷ್ಟ ದೊಡ್ಡ ಆಕಾಶಬುಟ್ಟಿ ಹಾಕ್ತೇವ್ರಿ. ಇದನ್ನ ಯಾರು ಕಟ್ಟಿದ್ದು?" ಎಂದು ಕೇಳಿ, ಕರುಣಾಬಾಯಿಯವರನ್ನು ಪಕ್ಕದಲ್ಲಿಯೇ ಕೂಡಿಸಿಕೊಂಡರು. ರಾಯರು ಒಂದೂವರೆ ತಿಂಗಳು ಹೊತ್ತುಕೊಂಡು ತಿರುಗಿದ್ದ ಹೆದರಿಕೆ ಶಿರಾ ತಿನ್ನುವಷ್ಟರಲ್ಲಿ ಮುಗಿದುಹೋಯಿತು. ಹೊರಡುವ ಮುಂದೆ ಹುಡುಗನ ತಂದೆ ‘ಕಾಗದ ಬರೀತೇವಿ’ ಎನ್ನಲಿಲ್ಲ. "ಪಂಚಾಂಗ ಅದಲ್ರಿ ಮನ್ಯಾಗ? ತರ್ರಿ, ಒಂದು ಛಲೋ ತಾರೀಖು ನೋಡೇ ಬಿಡೋಣ," ಎಂದರು.

ಮರುದಿನ ಬೆಳಗ್ಗೆ ಕರುಣಾಬಾಯಿ ಪಡಸಾಲೆಗೆ ಬಂದು, "ಬರೂವರು ಬಂದ್ರಲ್ರಿ ರಾಯರ. ಇನ್ನ ಇಳಸ್ರಿ," ಎಂದರು.

ಕಚೇರಿಗೆ ಹೊತ್ತಾಗಿತ್ತು. ಆದರೂ ರಾಯರು ಈ ಸಲ ಅವಸರ ಮಾಡಲಿಲ್ಲ. ಒಂದೊಂದೇ ಕಟ್ಟು ಬಿಚ್ಚಿ, ಮೂಲೆಯ ಕಾಗದ ಹರಿಯದಂತೆ ಎರಡೂ ಕೈಯಲ್ಲಿ ಹಿಡಿದು ಕೆಳಗೆ ತಂದರು. ಇಂದು ಏಣಿ ಹಿಡಿದಿದ್ದಳು. ಸುತ್ತುವುದಕ್ಕೆ ರಾಯರು ಹಳೆಯ ಪೇಪರು ತಂದರು, ದಾರ ತಂದರು. ಕರುಣಾಬಾಯಿ ದಾರವನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡರು.

"ಗಂಟು ಬ್ಯಾಡ್ರಿ," ಎಂದರು. "ಅಟ್ಟದ ಮ್ಯಾಲ ಕೈಗೆ ಸಿಗೂ ಹಂಗ ಇಡ್ರಿ. ಇನ್ನೂ ಸುಲಭಾ ಅದಾಳಲ್ಲ."