ವಿಲ್ಫ್ ಸ್ಟಾಬ್ಸ್‌ಗೆ ಬಿದ್ದ ಮತಗಳು

ನನ್ನ ತಮ್ಮ ಲ್ಯಾನ್ಸ್ ಅವತ್ತು ಕೌನ್ಸಿಲ್‌ನವನ ದವಡೆ ಮುರಿಯದೆ ಉಳಿದದ್ದಕ್ಕೆ ಒಂದೇ ಕಾರಣ, ಕೈಯಲ್ಲಿ ಬಾಕ್ಸಿಂಗ್ ಗ್ಲೌಸ್ ಇತ್ತು. ಗ್ಲೌಸ್ ಬಿಚ್ಚುವಷ್ಟು ತಾಳ್ಮೆ ಅವನಿಗೆಲ್ಲಿ? ಹಾಕಿಕೊಂಡ ಕೈಯಲ್ಲೇ ಬಾರಿಸಿದ. ಆ ಮನುಷ್ಯ ನಮ್ಮ ಹಾಲ್‌ನ ಬಾಗಿಲಿಗೆ ನೋಟಿಸ್ ಅಂಟಿಸಲು ಬಂದಿದ್ದ. ಚಾವಣಿ ಯಾವಾಗ ಬೇಕಾದರೂ ಕುಸಿಯಬಹುದು, ವರ್ಷದ ಕೊನೆಯೊಳಗೆ ದುರಸ್ತಿಯಾಗದಿದ್ದರೆ ಬೀಗ ಜಡಿಯುತ್ತೇವೆ ಎಂದು ಅದರಲ್ಲಿತ್ತು. ಅವನು ಮೆಟ್ಟಿಲ ಮೇಲೆ ಕೂತು ತುಟಿಯ ರಕ್ತ ಒರೆಸಿಕೊಳ್ಳುತ್ತ, "ನಾನು ಬರೀ ಕಾಗದ ಅಂಟಿಸೋನು ಕಣಮ್ಮ" ಅಂದ. ನಾನು ಐಸ್ ತಂದುಕೊಟ್ಟು, ಪೊಲೀಸರ ತನಕ ಹೋಗಬೇಡಿ ಎಂದು ಗೋಗರೆದೆ.

ನಮ್ಮ ಥಾರ್ನ್‌ಲಾದ ಕಲ್ಲಿದ್ದಲು ಗಣಿ ಮುಚ್ಚಿ ಎಷ್ಟೋ ಕಾಲವಾಯಿತು. ಉಳಿದದ್ದು ಈ ಹಾಲ್ ಒಂದೇ. ನಮ್ಮ ತಾತಂದಿರು ವಾರದ ಕೂಲಿಯಲ್ಲಿ ಪೆನ್ನಿ ಪೆನ್ನಿ ಹಿಡಿದು ಕಟ್ಟಿಸಿದ್ದು. ಅಲ್ಲಿ ಬಾಕ್ಸಿಂಗ್ ಕ್ಲಬ್ ನಡೆಸುವವನು ಲ್ಯಾನ್ಸ್. ಬೀಗದ ಕೈ, ಟೀ, ಬೈಗುಳ ಇವೆಲ್ಲ ನನ್ನ ಖಾತೆ. ಲ್ಯಾನ್ಸ್ ಎರಡು ಸಲ ಜೈಲು ಕಂಡವನು. ಒಮ್ಮೆ ಗಣಿ ಕಾರ್ಮಿಕರ ದೊಡ್ಡ ಮುಷ್ಕರದಲ್ಲಿ ಪೊಲೀಸನ ತಲೆಗೆ ಇಟ್ಟಿಗೆ ಎಸೆದದ್ದಕ್ಕೆ, ಇನ್ನೊಮ್ಮೆ ಕುಡಿದ ಜಗಳದಲ್ಲಿ ಒಬ್ಬನ ಕಣ್ಣು ತೆಗೆದದ್ದಕ್ಕೆ. ಆಮೇಲೆ ಹಾಲ್‌ಗೆ ಬಂದ, ಕುಡಿತ ಬಿಟ್ಟ. ಹಾಲ್ ಇರುವ ತನಕ ಅವನ ಮುಷ್ಟಿ ಮರಳಿನ ಚೀಲದ ಮೇಲೆ. ಹಾಲ್ ಹೋದರೆ ಯಾರದೋ ಮುಖದ ಮೇಲೆ. ಇದು ನನಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು, ಅವನಿಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಆಗ ನನ್ನ ಕಣ್ಣಿಗೆ ಬಿದ್ದದ್ದು ಟಿ.ವಿ.ಯವರ ಆಟ. ನಮ್ಮ ಸೀಮೆಯ ಸಂಜೆ ವಾರ್ತೆಯಲ್ಲಿ ದಿನಕ್ಕೆರಡು ಊರುಗಳನ್ನು ಎದುರುಬದುರು ನಿಲ್ಲಿಸುತ್ತಿದ್ದರು. ಎರಡಕ್ಕೂ ಒಂದೊಂದು ಪುಟ್ಟ ಚಿತ್ರ, ಒಂದೊಂದು ಫೋನ್ ನಂಬರ್. ಮಧ್ಯರಾತ್ರಿಯ ತನಕ ಜನ ಫೋನ್ ಮಾಡಿ ಮತ ಹಾಕಬೇಕು. ಒಂದು ಫೋನಿನಿಂದ ಹತ್ತು ಮತದವರೆಗೆ ನಡೆಯುತ್ತದೆ. ಹೆಚ್ಚು ಮತ ಬಿದ್ದ ಊರಿಗೆ ಲಾಟರಿ ನಿಧಿಯಿಂದ ಐವತ್ತು ಸಾವಿರ ಪೌಂಡ್. ಸೋತ ಊರಿಗೆ ಟಿ.ವಿ.ಯವರ ನಗುಮುಖ. ನಾನು ಅರ್ಜಿ ಹಾಕಿದೆ, ಆಯ್ಕೆಯೂ ಆಯಿತು. ನಮ್ಮೆದುರು ಯಾರಪ್ಪಾ ಎಂದರೆ ಹಾರ್ಕ್‌ಬರ್ನ್ ಪೇಟೆಯವರ ತೋಟ: ಕುರುಡರು ಮೂಸಿ ನೋಡಿ ನಲಿಯಲು ಪರಿಮಳದ ಗಿಡಗಳ ತೋಟ!

"ಮುಗೀತು ಬಿಡು, ಅವರ ಕಡೆ ಕುರುಡರು, ನಮ್ಮ ಕಡೆ ಕಣ್ಣು ಕಿತ್ತೋನು" ಎಂದ ಕಾರ್ಮಿಕರ ಕ್ಲಬ್ಬಿನ ಬಾರ್ ನೋಡಿಕೊಳ್ಳುವ ಆಸಿ ರೇನ್.

ಲ್ಯಾನ್ಸ್ ಅವನನ್ನು ಕತ್ತುಪಟ್ಟಿ ಹಿಡಿದು ಬಾರ್‌ನ ಕಟ್ಟೆಯ ಮೇಲಿಂದ ಅರ್ಧ ಎಳೆದ. ಮೂರು ಜನ ಸೇರಿ ಬಿಡಿಸಬೇಕಾಯಿತು. ಅಷ್ಟಾದರೂ ಊರು ಒಂದಾಗಿತ್ತು. ಪ್ರತಿ ಮನೆಯಲ್ಲೂ ನಂಬರ್ ಬರೆದ ಚೀಟಿ ಫೋನಿನ ಪಕ್ಕ ಅಂಟಿತ್ತು.

ಚಿತ್ರ ತೆಗೆಯಲು ಬಂದವಳು ಇಮೊಜೆನ್ ಎಂಬ ಹುಡುಗಿ. ದಕ್ಷಿಣದವಳು, ಕೆಸರಿಗೆ ಹೆದರುವ ಬೂಟು. ಹಾಲ್‌ನೊಳಗೆ ಎಲ್ಲ ಚಿತ್ರೀಕರಿಸಿಕೊಂಡು ಹೊರಗೆ ಬಂದಾಗ ಎದುರು ಕಲ್ಲುಬೆಂಚಿನ ಮೇಲೆ ವಿಲ್ಫ್ ಸ್ಟಾಬ್ಸ್ ಕೂತಿದ್ದ. ಬಿಳಿ ಕೂದಲು, ಚಪ್ಪಟೆ ಮೂಗು, ದೊಡ್ಡ ಬೆರಳುಗಳು. ಕ್ಯಾಮರಾದವರಿಗೆ ಬಾಯಲ್ಲಿ ನೀರೂರಿಸುವ ಮುಖ.

"ಅವರು ಯಾರು, ಈನಿಡ್?" ಎಂದು ಕೇಳಿದಳು.

ನಾನು ಗೋಡೆ ನೋಡಿದೆ. ಆಸಿ ಬೂಟಿನ ದಾರ ಕಟ್ಟಲು ಬಗ್ಗಿದ. ಲ್ಯಾನ್ಸ್ ಒಳಗೆ ಹೋದ.

ಆ ಹುಡುಗಿಗೆ ಹೇಗೆ ಅರ್ಥವಾಗಬೇಕು? ಮುಷ್ಕರ ಮುಗಿಯಲು ಇನ್ನೊಂದು ತಿಂಗಳಿರುವಾಗ, ಕಲ್ಲೇಟು ತಡೆಯಲು ಕಿಟಕಿಗೆ ತಂತಿಬಲೆ ಕಟ್ಟಿದ ಬಸ್ಸು ಹತ್ತಿ ವಿಲ್ಫ್ ಮುಷ್ಕರ ಮುರಿದು ಗಣಿ ಕೆಲಸಕ್ಕೆ ಹೋಗಿಬಿಟ್ಟ. ಲ್ಯಾನ್ಸ್ ಆಗ ಜೈಲಿನಲ್ಲಿದ್ದ. ಅವತ್ತಿನಿಂದ ಇಪ್ಪತ್ತೊಂದು ವರ್ಷ ಥಾರ್ನ್‌ಲಾದಲ್ಲಿ ಒಬ್ಬನೂ ವಿಲ್ಫ್ ಜೊತೆ ಮಾತಾಡಿಲ್ಲ. ಅಂಗಡಿಯವಳು ಚಿಲ್ಲರೆಯನ್ನು ಕಟ್ಟೆಯ ಮೇಲಿಡುತ್ತಾಳೆ, ಕೈಗೆ ಕೊಡುವುದಿಲ್ಲ. ಅವನ ಹೆಂಡತಿಯ ಶವಪೆಟ್ಟಿಗೆ ಹೊರಲು ಬಾಡಿಗೆಯವರು ಬಂದರು. ಅವನ ಹೆಸರನ್ನೂ ಯಾರೂ ಹೇಳುವುದಿಲ್ಲ. ಅದೇ ಬಸ್ಸಿನಲ್ಲಿ ಹೋದ ಬೇರೆಯವರ ಕುಟುಂಬಗಳು, ಕಿಟಕಿಗೆ ಇಟ್ಟಿಗೆ, ಬಾಗಿಲ ಸಂದಿಯಿಂದ ಸತ್ತ ಇಲಿ ಬೀಳತೊಡಗಿದ ಮೇಲೆ ಊರು ಬಿಟ್ಟವು. ವಿಲ್ಫ್ ಒಬ್ಬ ಬಿಡಲಿಲ್ಲ. ಯಾಕೆ ಹೋದ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದರೆ ಮಾತಾಡಬೇಕಲ್ಲ!

ಅವನನ್ನು ಚಿತ್ರದಲ್ಲಿ ಸೇರಿಸಬೇಡ ಎಂದು ಹೇಳುವುದಕ್ಕೂ ಅವನ ಮಾತು ಎತ್ತಬೇಕಾಗಿತ್ತು. ನಾವು ಎತ್ತಲಿಲ್ಲ. ಹಳ್ಳಿಯವರು, ನಾಚಿಕೆ ಎಂದುಕೊಂಡಳೋ ಏನೋ, ಹುಡುಗಿ ನಗುತ್ತ ಕ್ಯಾಮರಾದವನನ್ನು ಕರೆದುಕೊಂಡು ಬೆಂಚಿನ ಕಡೆ ನಡೆದಳು.

ಪ್ರಸಾರದ ದಿನ ಕಾರ್ಮಿಕರ ಕ್ಲಬ್ಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲು ಹಾರ್ಕ್‌ಬರ್ನ್‌ನವರ ತೋಟ ಬಂತು; ಲ್ಯಾವೆಂಡರ್, ಬಿಳಿಕೋಲು, ಪಿಯಾನೊ. ಎಲ್ಲರೂ ಛೀಮಾರಿ ಹಾಕಿದರು. ಆಮೇಲೆ ನಮ್ಮ ಹಾಲ್. ಸೋರುವ ಚಾವಣಿ, ಕೆಳಗೆ ಬಕೆಟ್, ಬಕೆಟ್‌ಗಳ ನಡುವೆ ಹಗ್ಗ ಜಿಗಿಯುವ ಹುಡುಗಿಯರು. ಕ್ಲಬ್ಬು ಹಾರಿಹೋಗುವ ಹಾಗೆ ಶಿಳ್ಳೆ. ಅಷ್ಟರಲ್ಲಿ ಪರದೆ ತುಂಬ ವಿಲ್ಫ್‌ನ ಮುಖ ಬಂತು.

"ಈ ಹಾಲ್‌ನಲ್ಲಿ ನಾನೊಬ್ಬ ಹುಡುಗನಿಗೆ ಎಡಗೈ ಹೊಡೆತ ಕಲಿಸಿದೆ" ಎಂದಿತು ಆ ಮುಖ. ದನಿ ತುಕ್ಕು ಹಿಡಿದಿತ್ತು. "ತುಂಬಾ ಕೋಪಿಷ್ಠ ಹುಡುಗ. ಈಗ ಅವನೇ ಇದನ್ನ ನಡೆಸ್ತಾ ಇದಾನೆ. ಹಾಲ್ ಉಳೀಬೇಕು. ಅದು ಹೋದ್ರೆ ಅವನಿಗೆ ನಿಲ್ಲೋಕೆ ಜಾಗ ಇಲ್ಲ."

ಆಮೇಲೆ ಯಾರೋ ಎಸೆದ ಬಿಯರ್ ಗ್ಲಾಸ್ ಟಿ.ವಿ.ಯ ಗಾಜಿಗೆ ಬಡಿದು ಒಡೆಯಿತು. ಒಬ್ಬಳ ಹಣೆಗೆ ಚೂರು ಹೊಕ್ಕಿತು. ಅವಳ ಗಂಡ ಎಸೆದವನನ್ನು ಹುಡುಕಿ, ಸಿಗದೆ, ಪಕ್ಕದವನಿಗೆ ಗುದ್ದಿದ. ಮೇಜು ಉರುಳಿತು. "ದ್ರೋಹಿ ಮುಖಕ್ಕೆ ನನ್ನ ಫೋನಿಂದ ಮತ ಬೀಳಲ್ಲ" ಎಂದು ಒಬ್ಬ ಕೂಗಿದ. "ಕುರುಡರಿಗೇ ಹಾಕ್ರೋ!" ಎಂದು ಇನ್ನೊಬ್ಬ. ನಾನು ಕುರ್ಚಿಯ ಮೇಲೆ ಹತ್ತಿ ಎಲ್ಲರಿಗೂ ಮಂಗಳಾರತಿ ಎತ್ತಿದೆ: "ಚಾವಣಿ ಬೀಳ್ತಿರೋದು ನಿಮ್ಮ ಮಕ್ಕಳ ತಲೆ ಮೇಲೆ, ಅವನ ತಲೆ ಮೇಲಲ್ಲ ಕಣ್ರೋ! ಫೋನ್ ಮಾಡ್ರೋ!" ಒಬ್ಬನೂ ಕೈ ಚಾಚಲಿಲ್ಲ. ಊರಿನ ಫೋನುಗಳೆಲ್ಲ ಅವತ್ತು ಸತ್ತವು.

ಇಳಿದು ನೋಡುತ್ತೇನೆ, ಲ್ಯಾನ್ಸ್ ಇಲ್ಲ.

ನಾನು ಓಡಿದೆ. ವಿಲ್ಫ್‌ನ ಮನೆಯ ಬಾಗಿಲಿಗೆ ಬೀಗ ಹಾಕಿರಲಿಲ್ಲ, ಆದರೂ ಲ್ಯಾನ್ಸ್ ಅದನ್ನು ಒದ್ದೇ ತೆರೆದಿದ್ದ. ನಾನು ಒಳಗೆ ಕಾಲಿಟ್ಟಾಗ ವಿಲ್ಫ್ ಒಲೆಯ ಪಕ್ಕ ನಿಂತಿದ್ದ. ಕೈಯಲ್ಲಿ ಫೋನಿನ ರಿಸೀವರ್. ಅದರೊಳಗಿನಿಂದ ಒಂದು ಹೆಣ್ಣು ದನಿ ಸ್ಪಷ್ಟವಾಗಿ ಕೇಳುತ್ತಿತ್ತು: "ಥಾರ್ನ್‌ಲಾ ಬಾಕ್ಸಿಂಗ್ ಹಾಲ್‌ಗೆ ನೀವು ನೀಡಿದ ಮತಕ್ಕೆ ಧನ್ಯವಾದಗಳು."

"ಬಂದ್ಯಾ ಲ್ಯಾನ್ಸ್" ಎಂದ ವಿಲ್ಫ್.

ಲ್ಯಾನ್ಸ್ ಮುಷ್ಟಿ ಬೀಸಿದ. ವಿಲ್ಫ್‌ನ ವಯಸ್ಸು ಅರವತ್ತೇಳು. ಆದರೂ ರಿಸೀವರ್ ಬಿಟ್ಟು, ಗದ್ದ ಒಳಗೆಳೆದು, ಎಡಗೈ ಎತ್ತಿ ಒಂದಿಷ್ಟು ಓರೆಯಾದ. ಏಟು ಗಾಳಿಗೆ ಹೋಯಿತು.

"ಈಗ್ಲೂ ಬಲಗೈ ಇಳಿಸ್ತೀಯಲ್ಲೋ" ಅಂದ, ಬೈಯುವ ಮೇಷ್ಟ್ರ ಹಾಗೆ.

ಎರಡನೆಯದು ಗಾಳಿಗೆ ಹೋಗಲಿಲ್ಲ. ದವಡೆ ಮುರಿದ ಸದ್ದು ನನಗೆ ಬಾಗಿಲಲ್ಲಿ ಕೇಳಿತು. ವಿಲ್ಫ್ ಒಲೆಯ ಅಂಚಿಗೆ ಬಿದ್ದ. ಲ್ಯಾನ್ಸ್ ಅವನ ಅಂಗಿ ಹಿಡಿದೆತ್ತಿ ಮತ್ತೆ ಹೊಡೆದ, ಕಣ್ಣಿಗೆ, ಕಿವಿಗೆ, ಪಕ್ಕೆಗೆ. ನಾನು ಹಿಂದಿನಿಂದ ಜೋತುಬಿದ್ದೆ, ಮೊಣಕೈಯಲ್ಲಿ ತಳ್ಳಿದ. ನನ್ನ ಮುಂದಿನ ಹಲ್ಲು ನಾಲಿಗೆಯ ಮೇಲೆ ಬಂದು ಬಿತ್ತು. "ಬಿಡೋ ಪಾಪಿ, ಸತ್ತು ಹೋಗ್ತಾನೆ!" ಎಂದು ಕಿರುಚಿದೆ. ಅವನಿಗೆ ಕೇಳಲಿಲ್ಲ. ನನ್ನನ್ನು ಇಂದಿಗೂ ನಡುಗಿಸುವುದು ರಕ್ತವಲ್ಲ. ಅಷ್ಟು ಹೊಡೆಯುವಾಗಲೂ ಲ್ಯಾನ್ಸ್ ವಿಲ್ಫ್ ಜೊತೆ ಒಂದೇ ಒಂದು ಮಾತಾಡಲಿಲ್ಲ. ಬೈಗುಳವೂ ಇಲ್ಲ. ಊರಿನ ಕಟ್ಟಳೆಯನ್ನು ಅಷ್ಟು ನಿಯತ್ತಾಗಿ ಪಾಲಿಸಿದ.

ಒಲೆಯ ಪಕ್ಕ ಕಲ್ಲಿದ್ದಲಿನ ಸಲಿಕೆ ಇತ್ತು. ಎರಡೂ ಕೈಯಲ್ಲಿ ಎತ್ತಿ ನನ್ನ ತಮ್ಮನ ಬಲಗೈಗೆ ಇಳಿಸಿದೆ. ಚಿಕ್ಕವನಿದ್ದಾಗ ನಾನೇ ಬಟ್ಟೆ ಸುತ್ತಿ ರಿಂಗ್‌ಗೆ ಕಳಿಸುತ್ತಿದ್ದ ಕೈ. ಮೂಳೆ ಮುರಿಯಿತು. ಅವನು ನನ್ನ ಕಡೆ ತಿರುಗಿದ.

"ಈನಿಡ್, ಯಾಕೇ ಹೊಡ್ದೆ?" ಎಂದ, ಎಳೆಮಗುವಿನ ಹಾಗೆ.

"ಕಿವಿ ಕೊಟ್ಟು ಕೇಳೋ" ಅಂದೆ.

ತಂತಿಯಲ್ಲಿ ನೇತಾಡುತ್ತಿದ್ದ ರಿಸೀವರ್ ಈಗ ಬರೀ ಕುಂಯ್‌ಗುಟ್ಟುತ್ತಿತ್ತು. ಲ್ಯಾನ್ಸ್ ಅದನ್ನು ನೋಡಿದ, ಗೋಡೆಗೆ ಅಂಟಿಸಿದ ಚೀಟಿಯ ಮೇಲಿನ ನಮ್ಮ ಹಾಲ್‌ನ ನಂಬರ್ ನೋಡಿದ, ನೆಲದ ಮೇಲಿದ್ದವನನ್ನು ನೋಡಿದ. ನೋಡಿ, ಅಲ್ಲೇ ಕುಸಿದು ಕೂತ. ನಾನು ರಿಸೀವರನ್ನು ಒಮ್ಮೆ ಕೆಳಗಿಟ್ಟು, ಮತ್ತೆ ಎತ್ತಿ ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಪೊಲೀಸರು ಬಂದಾಗ ಲ್ಯಾನ್ಸ್ ಮುರಿದ ಕೈಯನ್ನೂ ಸೇರಿಸಿ ಎರಡೂ ಕೈ ಮುಂದೆ ಚಾಚಿದ.

ಮರುದಿನ ಬೆಳಿಗ್ಗೆ, ನನ್ನ ಬಾಯಿ ಊದಿಕೊಂಡು ಕುಂಬಳಕಾಯಿಯಾಗಿದ್ದಾಗ, ಹಾಲ್‌ನ ಫೋನು ಬಡಿದುಕೊಂಡಿತು.

"ಯಾರು, ಈನಿಡ್ಡಾ? ನಾನು ನೋರಾ ಫೀಟನ್‌ಬಿ. ಗುರುತು ಸಿಕ್ತಾ? ನಮ್ಮ ಕಿಟಕಿಗೆ ಇಟ್ಟಿಗೆ ಬಿದ್ದಾಗ ಎದುರು ಮನೇಲಿ ಪರದೆ ಎಳ್ಕೊಂಡ್ಯಲ್ಲ, ಆ ನೋರಾ."

ಗುರುತು ಸಿಗದೆ ಏನು? ಅವಳ ಗಂಡನೂ ಅದೇ ಬಸ್ಸಿನಲ್ಲಿ ಹೋದವನು.

"ನಾವು ಈಗ ಸಂಡರ್‌ಲ್ಯಾಂಡ್‌ನಲ್ಲಿದೀವಿ. ನಿಮ್ಮೂರಿನ ಹೆಸರು ಬಂದ ಕೂಡ್ಲೆ ಟಿ.ವಿ. ಆರಿಸೋಣ ಅಂತಿದ್ದೆ. ಅಷ್ಟರಲ್ಲಿ ವಿಲ್ಫ್ ಮುಖ ಬಂತು. ನಾನು ಹತ್ತೂ ಹಾಕ್ದೆ. ನನ್ನ ಮಕ್ಕಳು ಹಾಕಿದ್ರು, ಸೊಸೆ ಆಫೀಸಲ್ಲಿ ಎಲ್ಲರ ಹತ್ರಾನೂ ಹಾಕಿಸಿದ್ಲು. ನಿಮ್ಮೂರು ಓಡಿಸ್ತಲ್ಲ, ಅಷ್ಟೂ ಮನೆಯವರಿಗೆ ಫೋನ್ ಮಾಡ್ದೆ. ಎಲ್ರೂ ಹಾಕಿದ್ರು. ಕೇಳಿಸ್ಕೋ, ವಿಲ್ಫ್‌ಗೆ ಹಾಕಿದ್ದು, ನಿಮಗಲ್ಲ."

"ನೋರಾ..."

"ಅವನಿಗೆ ಹೇಳ್ಬಿಡು, ನೋರಾ ಕೇಳಿದ್ಲು ಅಂತ. ಅಯ್ಯೋ, ಮರೆತೇಬಿಟ್ಟೆ. ನೀವು ಅವನ ಹತ್ರ ಮಾತಾಡಲ್ಲ, ಅಲ್ವಾ?" ಎಂದು ಫೋನ್ ಕುಕ್ಕಿದಳು.

ಸಂಜೆ ಫಲಿತಾಂಶ ಹೇಳಿದರು. ನಾವು ಗೆದ್ದಿದ್ದೆವು. ಬಿರುಕುಬಿಟ್ಟ ಟಿ.ವಿ.ಯ ಎದುರು ಕ್ಲಬ್ಬಿನಲ್ಲಿ ಒಬ್ಬನೂ ಚಪ್ಪಾಳೆ ತಟ್ಟಲಿಲ್ಲ. ತಾವು ಹಾಕದ ಮತ ಎಲ್ಲಿಂದ ಬಂತು ಎಂದು ಆಸಿ ಕೇಳಿದ, ನಾನು ಹೇಳಿದೆ. ಆಮೇಲೆ ಅವನು ಬರೀ ಗ್ಲಾಸ್ ಒರೆಸುತ್ತಿದ್ದ. ಇಮೊಜೆನ್ ಫೋನ್ ಮಾಡಿ ಕುಣಿದಾಡಿದಳು: "ಎಲ್ಲಾ ಆ ತಾತನಿಂದ, ಈನಿಡ್! ಎಂಥಾ ಮುಖ! ದೊಡ್ಡ ಚೆಕ್ಕನ್ನ ಅವರ ಕೈಲೇ ಕೊಡಿಸೋಣ, ಅವರನ್ನ ಚೆನ್ನಾಗಿ ರೆಡಿ ಮಾಡಿ ಇಟ್ಟಿರಿ." ಆ ಮುಖ ಈಗ ಎಲ್ಲಿದೆ, ಹೇಗಿದೆ ಎಂದು ಹೇಳದೆಯೇ ಫೋನ್ ಇಟ್ಟೆ.

ನಾನು ಆಸ್ಪತ್ರೆಗೆ ಹೋದೆ. ನನ್ನ ತಮ್ಮನಿಗೆಂದೇ ಉಳಿಸಿದ ಹಾಲ್‌ಗೆ ಇನ್ನು ಎಷ್ಟೋ ವರ್ಷ ಅವನು ಬರುವಂತಿಲ್ಲ. ಅವನನ್ನು ನೆನೆದರೆ ಮರುಕ ಬರುತ್ತಿತ್ತು, ಅವನ ಮೇಲೆ ಸಿಟ್ಟೂ ಅಷ್ಟೇ ಇತ್ತು. ವಿಲ್ಫ್ ದಿಂಬಿಗೊರಗಿ ಕೂತಿದ್ದ. ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ಮುರಿದ ದವಡೆ ಅಲುಗಾಡದಂತೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ತಂತಿ ಬಿಗಿದಿದ್ದರು. ಎದುರಿಗೆ ಬಟ್ಟಲಲ್ಲಿ ಸೂಪು, ಅದಕ್ಕೊಂದು ಕೊಳವೆ.

"ವಿಲ್ಫ್" ಅಂದೆ. ಆ ಹೆಸರು ನನ್ನ ಬಾಯಿಗೇ ಅಪರಿಚಿತವಾಗಿತ್ತು. "ನಾನು ಈನಿಡ್. ಹಾಲ್ ಗೆದ್ದಿತು. ನೋರಾ ಫೀಟನ್‌ಬಿ ನಿನ್ನನ್ನ ಕೇಳಿದ್ಲು."

ತೆರೆದಿದ್ದ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ಎದ್ದು ಬರಬೇಕಾಗಿತ್ತು. ಆದರೆ ಎದುರು ಕೂತವನ ಜೊತೆ ಒಂದು ಸಲ ಮಾತು ಶುರುವಾದ ಮೇಲೆ ತಡೆಯುವುದು ಹೇಗೆ? ಬಾಯಿಗೆ ಬಂದೇ ಬಿಟ್ಟಿತು.

"ಆವತ್ತು ಯಾಕೆ ಹೋದೆ ವಿಲ್ಫ್? ಬಸ್ಸು ಯಾಕೆ ಹತ್ತಿದೆ?"

ಅವನು ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಬೆನ್ನು ನೆಟ್ಟಗೆ ಮಾಡಿಕೊಂಡ. ಆಮೇಲೆ ಹೇಳತೊಡಗಿದ. ತಂತಿಯ ಹಿಂದಿನಿಂದ, ಗಂಟಲಿನಿಂದ, ಗುರ್ ಗುರ್ ಎಂದು ಶಬ್ದ ಬಂತು. ತುಟಿಯಂಚಿನಲ್ಲಿ ರಕ್ತ ಬೆರೆತ ಜೊಲ್ಲು ಇಳಿಯಿತು. ನರ್ಸು ಓಡಿ ಬಂದು, "ಮಾತಾಡಬಾರದು ತಾತ, ಹೊಲಿಗೆ ಕಿತ್ತುಹೋಗತ್ತೆ" ಎಂದಳು. ಅವಳ ಕೈ ತಳ್ಳಿದ. ಎಲ್ಲೋ ದನಿ ಏರಿತು, ಎಲ್ಲೋ ತಗ್ಗಿತು, ಒಂದು ಕಡೆ ಹೆಂಡತಿಯ ಹೆಸರು ಹೇಳಿದನೇನೋ ಅನಿಸಿತು, ಅದೂ ಖಾತ್ರಿಯಿಲ್ಲ. ನನಗೆ ಒಂದೇ ಒಂದು ಪದ ಅರ್ಥವಾಗಲಿಲ್ಲ. ನಾನು ಕೂತು ಕೇಳುತ್ತಲೇ ಇದ್ದೆ, ಅವನು ಹೇಳುತ್ತಲೇ ಇದ್ದ.